ಅಖ್ತರಿಯ ನೀರು ನಿಲ್ಲಿಸಿದ ದಿನ

ನನ್ನ ಹೆಂಡತಿ ಅಖ್ತರಿಯ ನೀರು ನಿಲ್ಲಿಸಿದವನು ನಾನೇ. ಅವಳನ್ನು ಖೋಲಿಯಲ್ಲಿ ಬಿಟ್ಟು ಹೊರಗಿನಿಂದ ಬೀಗ ಹಾಕಿದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣವನ್ನು ಮುಂದಿಟ್ಟು ಮಾಡಿದ್ದನ್ನು ಹಿಂದಿಡುವ ಜನರನ್ನು ಕಂಡರೆ ನನಗಾಗದು.

ನನ್ನ ಹೆಸರು ಫಕ್ರುದ್ದೀನ. ಕುರ್ಲಾದಲ್ಲಿ ರೇಡಿಯೇಟರ್ ರಿಪೇರಿ ಕೆಲಸ. ಲಾರಿ, ಟೆಂಪೋ, ಟ್ಯಾಕ್ಸಿ, ಯಾವುದರ ಎಂಜಿನ್ ಕಾದು ಹೊಗೆಯಾಡಿದರೂ ನನ್ನ ಹತ್ತಿರ ಬರುತ್ತದೆ. ಇಂಡಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಮುಂಬಯಿಗೆ ಬಂದವನು ನಾನು. ಅಖ್ತರಿಯೂ ಅದೇ ಕಡೆಯವಳು. ಮಗಳು ಸೈಮಾ ಎದುರಿಗಿದ್ದರೆ ಮನೆಯಲ್ಲಿ ದಖನಿ ಉರ್ದು. ನಾವಿಬ್ಬರೇ ಇದ್ದರೆ, ಅದರಲ್ಲೂ ಜಗಳವಾಡುವಾಗ, ಕನ್ನಡ.

ಎರಡು ವರ್ಷದಿಂದ ಜಗಳಕ್ಕೆ ಒಂದೇ ವಿಷಯ, ನೀರು. ನಮ್ಮ ಚಾಳಿನಲ್ಲಿ ನಲ್ಲಿಗೆ ನೀರು ಬರುವುದು ಬೆಳಿಗ್ಗೆ ಒಂದು ತಾಸು. ಅಷ್ಟರಲ್ಲಿ ತುಂಬಿಟ್ಟದ್ದು ಇಡೀ ದಿನಕ್ಕೆ. ಅಖ್ತರಿ ಕುಡಿಯಲು ಮಾತ್ರ ದಿನಕ್ಕೆ ಎಂಟು ಲೀಟರ್ ಖಾಲಿ ಮಾಡುತ್ತಿದ್ದಳು. ಸುಮ್ಮನೆ ಹೇಳುತ್ತಿಲ್ಲ, ಅಳೆದು ನೋಡಿದ್ದೇನೆ. ಕುಡಿದದ್ದೆಲ್ಲ ಹಾಗೇ ಹೊರಗೆ. ರಾತ್ರಿ ಆರು ಸಲ ಎದ್ದು ಗ್ಯಾಲರಿಯ ಆ ತುದಿಯ ಸಂಡಾಸಿಗೆ ಹೋಗಿಬರುತ್ತಿದ್ದಳು. ಲೋಕಲ್ ಹತ್ತಿದರೆ ದಾರಿಯಲ್ಲಿ ಏನು ಮಾಡುವುದೆಂದು ಹೆದರಿ ಜೋಗೇಶ್ವರಿಯಲ್ಲಿರುವ ತನ್ನ ಅಕ್ಕ ಜೇಬುನ್ನೀಸಾಳ ಮನೆಗೆ ಹೋಗುವುದನ್ನೇ ಬಿಟ್ಟಳು. ಎರಡು ರಮಜಾನ್ ಅವಳ ಒಂದು ರೋಜಾ ಉಪವಾಸ ಕೂಡ ನಿಲ್ಲಲಿಲ್ಲ. ಮಧ್ಯಾಹ್ನ ಬಾಗಿಲು ಓರೆ ಮಾಡಿಕೊಂಡು ತಂಬಿಗೆ ಎತ್ತುತ್ತಿದ್ದಳು. ನಾನು ಕಂಡು ಬಯ್ಯುತ್ತಿದ್ದೆ. ಕೆಟ್ಟ ಮಾತಿನಲ್ಲೇ ಬಯ್ಯುತ್ತಿದ್ದೆ.

ಗಲ್ಲಿಯ ಡಾಕ್ಟರ್ ಸಕ್ಕರೆ ಕಾಯಿಲೆಯೇ ಇರಬೇಕೆಂದು ರಕ್ತ ತಪಾಸಣೆ ಮಾಡಿಸಿದ. ಸಕ್ಕರೆ ಇರಲಿಲ್ಲ. 'ಹಾಗಾದರೆ ಆದತ್, ಕಡಿಮೆ ಮಾಡಲಿಕ್ಕೆ ಹೇಳಿ' ಎಂದ. ಆದತ್ ಎಂದರೆ ಚಟ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಇಪ್ಪತ್ತೆರಡು ವರ್ಷದಲ್ಲಿ ಡ್ರೈವರುಗಳ ಬಾಯಲ್ಲಿ ನಾನು ಸಾವಿರ ಸಲ ಕೇಳಿದ ಮಾತು ಒಂದೇ: 'ಉಸ್ತಾದ್, ರೋಜ್ ಪಾನಿ ಖತಂ ಹೋತಾ ಹೈ.' ರೇಡಿಯೇಟರಿನಲ್ಲಿ ದಿನಾ ನೀರು ಮುಗಿಯುವುದಕ್ಕೆ ಎರಡೇ ಕಾರಣ. ಒಂದೋ ಎಲ್ಲಿಯೋ ಸೋರುತ್ತಿದೆ, ಇಲ್ಲವೇ ಡ್ರೈವರ್ ಹೆದರಿಕೊಂಡು ಕಂಠಮಟ ತುಂಬುತ್ತಾನೆ, ಹೆಚ್ಚಾದದ್ದು ಪಕ್ಕದ ಪೈಪಿನಿಂದ ಚೆಲ್ಲಿಹೋಗುತ್ತದೆ. ಯಾವುದೆಂದು ತಿಳಿಯಲು ನೀರಿನ ಮಟ್ಟಕ್ಕೆ ಗೆರೆ ಎಳೆದು, ಮೇಲೆ ಒಂದು ಹನಿ ಹಾಕದೆ ಎಂಜಿನ್ ಓಡಿಸಬೇಕು. ಮಟ್ಟ ಒಂದಿಷ್ಟು ಇಳಿದು ನಿಂತರೆ ತಪ್ಪು ಡ್ರೈವರನದು. ಇಳಿಯುತ್ತಲೇ ಹೋದರೆ ಸೋರಿಕೆ. ಇದಕ್ಕೆ ನಾವು ಲೆವೆಲ್ ನೋಡುವುದು ಅನ್ನುತ್ತೇವೆ.

ಮೇ ತಿಂಗಳ ಒಂದು ಬೆಳಿಗ್ಗೆ ನಾನು ಅಖ್ತರಿಯ ಲೆವೆಲ್ ನೋಡಲು ನಿಂತೆ. ಸೈಮಾ ಆಗಲೇ ಕೆಲಸಕ್ಕೆ ಹೋಗಿದ್ದಳು. ಅವಳು ಜೋಗೇಶ್ವರಿಯ ಒಂದು ಹೊಲಿಗೆ ಯುನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್ ಕೈಕೆಳಗಿದ್ದಾಳೆ.

"ಇವತ್ತ ನೀರ ಕುಡೀಬ್ಯಾಡ," ಅಂದೆ.

"ಎಷ್ಟೊತ್ತನಕ?"

"ಮಧ್ಯಾಹ್ನದನಕ. ನಿಂದು ಚಟ ಇದ್ರ ಮೂತ್ರ ತಾನ ಕಡಿಮಿ ಆಗ್ತದ. ಆಗಲಿಲ್ಲಂದ್ರ ಖರೇನ ಏನೋ ಕೆಟ್ಟದ. ದೊಡ್ಡ ದವಾಖಾನಿಗೆ ಒಯ್ತೀನಿ."

"ನನ್ನ ಕೈಲೆ ಆಗೂದಿಲ್ರಿ."

"ರೋಜಾದಾಗ ಮಂದಿ ಹದಿನಾಕ ತಾಸ ಇರ್ತಾರ."

"ಅವ್ರ ಇರ್ತಾರ. ನನಗ ಎರಡ ತಾಸಿಗೆ ನಾಲಿಗಿ ಅಂಗುಳಕ್ಕ ಅಂಟ್ತದ. ನಾ ಏನ್ ನಿಮ್ಮ ಟೆಂಪೋದ ರೇಡಿಯೇಟರೇನು, ಮುಚ್ಚಳ ಬಿಗದು ನೋಡಾಕ?"

"ಹೆಚ್ಚಿಗಿ ಮಾತಾಡಬ್ಯಾಡ," ಎಂದು ಒದರಿದೆ.

ಐದು ಲೀಟರಿನ ಖಾಲಿ ಕೂಲೆಂಟ್ ಡಬ್ಬಿಯನ್ನು ತೊಳೆದು, ಹೊರಮೈಗೆ ಅರ್ಧರ್ಧ ಲೀಟರಿಗೊಂದು ಗೆರೆ ಹೊಡೆದು ಬಚ್ಚಲ ಮೂಲೆಯಲ್ಲಿಟ್ಟೆ. ಮೂತ್ರ ಇದರಲ್ಲೇ ಮಾಡು ಎಂದೆ. ನೀರಿನ ಡ್ರಮ್ಮನ್ನೂ ಕೊಡಗಳನ್ನೂ ಗ್ಯಾಲರಿಗೆ ಎತ್ತಿಟ್ಟೆ. ನಾನು ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಮಧ್ಯಾಹ್ನದವರೆಗೆ ಕೂರುವುದೆಂದು ನಿಶ್ಚಯ ಮಾಡಿದ್ದೆ. ಇದು ಸುಳ್ಳಲ್ಲ.

ಒಂಬತ್ತಕ್ಕೆ ಫೋನು ಬಂತು. ಸಾಯನ್ ಸೇತುವೆಯ ಮೇಲೆ ಒಂದು ಟೆಂಪೋ ಕಾದು ನಿಂತಿದೆ, ಹಿಂದೆ ಅರ್ಧ ಮೈಲಿ ಗಾಡಿಗಳು, ಪೊಲೀಸರು ಬಯ್ಯುತ್ತಿದ್ದಾರೆ, ಬೇಗ ಬಾ ಎಂದು ಗಿರಾಕಿ ಅರಚಿದ. ಒಂದು ತಾಸಿನ ಕೆಲಸ ಎಂದುಕೊಂಡೆ. ನಾನು ಆ ಕಡೆ ಹೋದರೆ ಇವಳು ಪಕ್ಕದ ಖೋಲಿಯ ರಾಜೀವಿಯ ಹತ್ತಿರ ನೀರು ಇಸಿದುಕೊಂಡು ಕುಡಿಯುತ್ತಾಳೆ, ಲೆವೆಲ್ ಕೆಡುತ್ತದೆ. ಆದ್ದರಿಂದ ಬೀಗ ಹಾಕಿದೆ. ಸೇತುವೆಯಿಂದ ಗಾಡಿಯನ್ನು ಗ್ಯಾರೇಜಿಗೆ ಎಳೆದು ತಂದೆವು. ಅದರ ಕೆಳಗಿನ ಟ್ಯಾಂಕು ಒಡೆದಿತ್ತು. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಬಂತು.

ನೀರು ಕಡಿಮೆ ಇರುವ ಎಂಜಿನನ್ನು ಚಾಲೂ ಬಿಟ್ಟು ನಾನು ಚಹಾ ಕುಡಿಯಲೂ ಹೋದವನಲ್ಲ. ಕಾವಿನ ಮುಳ್ಳಿನ ಮೇಲೆ ಕಣ್ಣಿಟ್ಟು ಪಕ್ಕದಲ್ಲೇ ನಿಂತಿರುತ್ತೇನೆ. ಗ್ಯಾರೇಜಿನಲ್ಲಿ ಯಾರಾದರೂ ಎದ್ದು ಹೋದರೆ ಕಪಾಳಕ್ಕೆ ಬಿಗಿದಿದ್ದೇನೆ. ಅಂಥವನು ನಾನು, ಏಳು ತಾಸು ಹೆಂಡತಿಯನ್ನು ಬಿಟ್ಟು ಬೇರೆಯವರ ಗಾಡಿಯ ಪಕ್ಕದಲ್ಲಿ ನಿಂತಿದ್ದೆ.

ನಾಲ್ಕು ಗಂಟೆಗೆ ಬೀಗ ತೆಗೆದೆ. ಅಖ್ತರಿ ಬಚ್ಚಲ ಕಟ್ಟೆಗೆ ತಲೆ ಕೊಟ್ಟು ನೆಲದ ಮೇಲೆ ಬಿದ್ದಿದ್ದಳು. ಕಣ್ಣು ತೆರೆದಿತ್ತು. ತುಟಿ ಹಲ್ಲಿಗೆ ಅಂಟಿಕೊಂಡಿತ್ತು. "ಅಖ್ತರಿ" ಎಂದರೆ ನನ್ನ ಕಡೆ ನೋಡಿ, "ಅಣ್ಣಾ, ಅವ್ವನ್ನ ಕರೀ" ಎಂದಳು. ಅವಳ ಅವ್ವ ಸತ್ತು ಒಂಬತ್ತು ವರ್ಷವಾಗಿದೆ.

ಡಬ್ಬಿಯಲ್ಲಿ ಮೂತ್ರ ಮೂರೂವರೆ ಲೀಟರಿನ ಗೆರೆ ಮುಟ್ಟಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ. ನಲ್ಲಿಯಿಂದ ಹಿಡಿದಂತೆ ಇತ್ತು.

ತಂಬಿಗೆ ಬಾಯಿಗಿಟ್ಟೆ. ನುಂಗಲಾರಳು. ನೀರು ಗದ್ದದಿಂದ ಇಳಿಯಿತು. ನಾನು ಕೂಗಿದ ಕೂಗಿಗೆ ರಾಜೀವಿ ಓಡಿ ಬಂದಳು. ಅವಳು ಉಡುಪಿ ಕಡೆಯವಳು, ಗಂಡ ಬೈಕುಲ್ಲಾದ ಹೋಟೆಲಿನಲ್ಲಿ ಭಟ್ಟಿಯ ಮುಂದೆ ನಿಲ್ಲುವವನು.

"ಅಯ್ಯೋ ದೇವರೇ, ಎಂತ ಆಯ್ತು ಇವಳಿಗೆ? ಬೆಳಿಗ್ಗೆಯಿಂದ ಬೀಗ ನೋಡ್ತಾ ಇದ್ದೇನೆ ನಾನು. ಅಕ್ಕನ ಮನೆಗೆ ಹೋಗಿದ್ದಾಳೆ ಅಂತ ಗ್ರಹಿಸಿದೆ. ಒಳಗೆ ಇದ್ಲಾ? ಫಕ್ರು ಭಾಯಿ, ಒಳಗೆ ಇದ್ಲಾ?"

ನಾನು ತಂಬಿಗೆ ಕೆಳಗಿಟ್ಟೆ.

"ನಡುವೆ ಒಂದು ಹಲಗೆ ಗೋಡೆ ಮಾರಾಯ್ರೆ. ಒಂದು ಸಲ ಕರೆದ್ರೆ ಕೇಳ್ತಿತ್ತಲ್ಲ!" ಎನ್ನುತ್ತಲೇ ಅವಳು ಅಖ್ತರಿಯ ಕಾಲು ಹಿಡಿದಳು. ನಾನು ಹೆಗಲು ಹಿಡಿದೆ. ರಿಕ್ಷಾದಲ್ಲಿ ಹಾಕಿಕೊಂಡು ಸರಕಾರಿ ಆಸ್ಪತ್ರೆಗೆ ಒಯ್ದೆವು.

ಅಲ್ಲಿ ನಮ್ಮನ್ನು ನೋಡಿದ ಡಾಕ್ಟರ್ ಹುಡುಗಿಯ ಹೆಸರು ಲಾವಣ್ಯಾ. ಸೈಮಾಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ನಾನು ಫೋನಿನಲ್ಲಿ ಜೇಬುನ್ನೀಸಾಳೊಂದಿಗೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ, "ನೀವು ಕನ್ನಡದವರಾ? ನನ್ನ ಕನ್ನಡ ಥೋಡಾ ಗಡಬಡ ಉಂಟು, ಮನೆಯಲ್ಲಿ ತುಳು. ನಡೀತದೆ, ಹೇಳಿ. ಏನಾಯ್ತು?" ಎಂದಳು.

"ಬಿಸಲಿಗೆ ಚಕ್ಕರ ಬಂತು," ಅಂದೆ.

"ಏನಾದ್ರೂ ಗೋಲಿ ತಗೊಳ್ತಾರಾ?"

"ಬಿಪಿದು."

"ಹೆಸರು?"

"ಗೊತ್ತಿಲ್ಲ."

ಮೂರೂ ಸುಳ್ಳು. ಆ ಗುಳಿಗೆಯ ಹೆಸರು ನನಗೆ ನನ್ನ ಹೆಸರಿನಷ್ಟೇ ಗೊತ್ತಿತ್ತು. ಲಿಥಿಯಂ. ಸೈಮಾ ಒಂಬತ್ತು ತಿಂಗಳ ಕೂಸಾಗಿದ್ದಾಗ ಊರಿನಲ್ಲಿ ಅಖ್ತರಿಯ ತಲೆ ಕೆಟ್ಟಿತು. ಎಂಟು ರಾತ್ರಿ ನಿದ್ದೆಯಿಲ್ಲ, ಬಾಯಿ ನಿಲ್ಲದೆ ಮಾತು, ಮನೆಯ ಪಾತ್ರೆಪಗಡೆಯನ್ನೆಲ್ಲ ಹಾದಿಬೀದಿಯವರಿಗೆ ಹಂಚುವುದು. ನಮ್ಮ ಮನೆಯವರು ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇಪ್ಪತ್ತು ದಿನ ಕೂಡಿಹಾಕಿದರು. ಕೂಗಿಕೊಂಡಷ್ಟೂ ಹುಚ್ಚು ಏರಿದೆ ಎಂದರು. ನಾನು ಮುಂಬಯಿಗೆ ಕರೆತಂದು ಮನೋರೋಗದ ಡಾಕ್ಟರರಿಗೆ ತೋರಿಸಿದೆ. ಅವರು ಈ ಗುಳಿಗೆ ಕೊಟ್ಟರು. ಒಂದು ತಿಂಗಳಿಗೆ ಅವಳು ಮೊದಲಿನ ಅಖ್ತರಿಯಾದಳು. ಮೂರು ವರ್ಷ ತಪ್ಪದೆ ಹೋದೆವು. ಅವರು ಆಗಾಗ ರಕ್ತ ತೆಗೆಯುತ್ತಿದ್ದರು. ಆಮೇಲೆ ಒಂದು ದಿನ ಅಲ್ಲಿನ ಸಾಲಿನಲ್ಲಿ ನಮ್ಮ ಚಾಳಿನವನೊಬ್ಬ ನಮ್ಮನ್ನು ನೋಡಿದ. ಅವತ್ತೇ ಹೋಗುವುದನ್ನು ನಿಲ್ಲಿಸಿದೆ. ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ, ಗುರುತಿನವರಿಲ್ಲದ ಕಡೆ ಮೆಡಿಕಲ್ ಅಂಗಡಿ ಹುಡುಕಿ, ಹದಿನೈದು ವರ್ಷ ಅದೇ ಚೀಟಿ ತೋರಿಸಿ ಗುಳಿಗೆ ತಂದೆ. ಎಲ್ಲರಿಗೂ ಬಿಪಿ ಎಂದೆ. ಸೈಮಾಗೂ ಬಿಪಿ ಎಂದೇ ಹೇಳಿದ್ದೆ. ಹುಚ್ಚಿಯ ಮಗಳು ಎಂದು ಅವಳನ್ನು ಯಾರೂ ಅನ್ನಬಾರದೆಂಬುದು ನನ್ನ ಹಟ.

ಲಾವಣ್ಯಾ ಅಖ್ತರಿಯ ಕೈಗೆ ಸಲಾಯಿನ್ ಹಚ್ಚಿದಳು, ಮೂತ್ರಕ್ಕೆ ನಳಿಗೆ ಹಾಕಿ ಚೀಲ ತೂಗಿಬಿಟ್ಟಳು, ರಕ್ತ ಕಳಿಸಿದಳು. ಮೊದಲ ರಿಪೋರ್ಟ್ ಬಂದಾಗ ಅವಳ ಹುಬ್ಬು ಗಂಟಿಕ್ಕಿತು. ರಕ್ತದಲ್ಲಿ ಸೋಡಿಯಂ ನೂರಾ ನಲವತ್ತರ ಆಸುಪಾಸು ಇರಬೇಕಂತೆ, ನೂರಾ ಅರವತ್ತೆರಡು ಇತ್ತು. ಎರಡು ತಾಸು ಬಿಟ್ಟು ಮತ್ತೆ ನೋಡಿದರೆ ನೂರಾ ಅರವತ್ತೈದು. ಅಖ್ತರಿ ಅಷ್ಟರಲ್ಲಿ ಅಣ್ಣಾ ಎನ್ನುವುದನ್ನೂ ನಿಲ್ಲಿಸಿದ್ದಳು. ಚಿವುಟಿದರೆ ಮಾತ್ರ ಕೈ ಎಳೆದುಕೊಳ್ಳುತ್ತಿದ್ದಳು.

ಸೈಮಾ ಜೋಗೇಶ್ವರಿಯಿಂದ ಓಡೋಡಿ ಬಂದು ಅವ್ವನ ಕಾಲ ಬಳಿ ನಿಂತಿದ್ದಳು. ಲಾವಣ್ಯಾ ಮೂತ್ರದ ಚೀಲವನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ಚೀಲ ಮುಕ್ಕಾಲು ತುಂಬಿತ್ತು.

"ಇದನ್ನ ನೋಡಿ. ಮೈಯಲ್ಲಿ ನೀರು ಕಮ್ಮಿ ಆದ್ರೆ ಕಿಡ್ನಿ ನೀರು ಹಿಡಿದಿಟ್ಟುಕೊಳ್ಬೇಕು. ಮೂತ್ರ ಎರಡು ಚಮಚ ಬರಬೇಕು, ಅದೂ ಗಾಢ ಹಳದಿ. ಇವರ ಮೈ ಒಣಗಿ ಕಟ್ಟಿಗೆ ಆಗಿದೆ, ಆದ್ರೂ ಬಿಳೀ ನೀರು ಸುರೀತಾ ಉಂಟು. ಬಿಸಿಲಿಗೆ ಹೀಗೆ ಆಗೋದಿಲ್ಲ. ನಾನು ಹಾಕ್ತಾ ಇರೋದು ಉಪ್ಪು ನೀರು. ಕಿಡ್ನಿ ನೀರು ಚೆಲ್ಲಿ ಉಪ್ಪು ಒಳಗೇ ಇಟ್ಟುಕೊಳ್ತಾ ಉಂಟು. ಅದಕ್ಕೇ ಸೋಡಿಯಂ ಏರ್ತಾ ಉಂಟು. ಇನ್ನೂ ಏರಿದ್ರೆ ಫಿಟ್ಸ್ ಬರ್ತದೆ, ಆಮೇಲೆ ಇವರು ಏಳೋದಿಲ್ಲ. ಮತ್ತೊಮ್ಮೆ ಕೇಳ್ತೇನೆ. ಯಾವ ಗೋಲಿ?"

ನಾನು ಸೈಮಾಳ ಕಡೆ ನೋಡಿದೆ. ಹೊರಗೆ ಹೋಗು ಎನ್ನೋಣ ಅನ್ನಿಸಿತು. ಹದಿನೆಂಟು ವರ್ಷ ಕಾಪಾಡಿದ ಮಾತು. ಬಾಗಿಲ ಹತ್ತಿರ ರಾಜೀವಿಯೂ ನಿಂತಿದ್ದಳು.

"ಯಾರನ್ನ ನೋಡ್ತೀರಿ? ನನ್ನನ್ನ ನೋಡಿ!" ಎಂದು ಆ ಹುಡುಗಿ ನನಗೆ ಗದರಿಸಿದಳು. ನನಗೆ ಗದರಿಸಿ ಯಾರೂ ನನ್ನ ಮುಂದೆ ನಿಂತದ್ದಿಲ್ಲ.

"ಲಿಥಿಯಂ," ಅಂದೆ. "ತಲೀದು. ಹದಿನೆಂಟ ವರ್ಷ ಆತು."

"ಲಾಸ್ಟ್ ಬ್ಲಡ್ ಟೆಸ್ಟ್ ಯಾವಾಗ?"

"ಹದಿನೈದ ವರ್ಷದ ಹಿಂದ." ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. "ಬಿಸಲಿಗೆ ಬಿದ್ದಿಲ್ಲ ಆಕಿ. ದಿನಾ ಎಂಟ ಲೀಟರ್ ಕುಡೀತಿದ್ಲು. ಇವತ್ತ ಮುಂಜಾನಿಂದ ನಾನ ನೀರ ಬಂದ್ ಮಾಡೀನಿ. ಬೀಗ ಹಾಕಿ ಹೋಗಿದ್ದೆ."

ಲಾವಣ್ಯಾ ನರ್ಸನ್ನು ಕೂಗಿ ಸಲಾಯಿನ್ ಬಾಟಲಿ ಬಿಚ್ಚಿಸಿ ಬೇರೆ ಬಾಟಲಿ ಏರಿಸಿದಳು. ಅದು ಉಪ್ಪಿಲ್ಲದ, ಸಕ್ಕರೆ ಬೆರೆಸಿದ ನೀರೆಂದು ಆಮೇಲೆ ತಿಳಿಯಿತು. ಮೂಗಿನಿಂದ ಹೊಟ್ಟೆಗೆ ಒಂದು ನಳಿಗೆ ಇಳಿಸಿ ಬರಿಯ ನೀರನ್ನೂ ಹನಿಹನಿಯಾಗಿ ಬಿಟ್ಟಳು.

ಸೈಮಾ ನನ್ನ ಹತ್ತಿರ ಬಂದಳು. "ಅಮ್ಮೀ ಕು ತಾಲಾ ಡಾಲ್ ಕೇ ಗಯೇ ತುಮೇ?" ಎಂದಳು. ಅವ್ವನಿಗೆ ಬೀಗ ಹಾಕಿ ಹೋದಿರಾ ಎಂದು. ನಾನು ಹೂಂ ಎಂದೆ. ಅವಳು ಅಳಲಿಲ್ಲ. ದೂರ ಹೋಗಿ ರಾಜೀವಿಯ ಪಕ್ಕದಲ್ಲಿ ನಿಂತಳು. ಅವತ್ತಿನಿಂದ ಮೂರು ದಿನ ನನ್ನೊಡನೆ ಮಾತಾಡಲಿಲ್ಲ.

ಸೋಡಿಯಂ ಅನ್ನು ಒಮ್ಮೆಲೇ ಇಳಿಸುವಂತಿಲ್ಲವಂತೆ, ಮಿದುಳು ಬಾತುಕೊಳ್ಳುತ್ತದಂತೆ. ತಾಸಿಗಿಷ್ಟು ಎಂದು ಲೆಕ್ಕ ಹಾಕಿ ಇಳಿಸಬೇಕು. ಎಚ್ಚರವಾಗುತ್ತಾಳೋ ಇಲ್ಲವೋ, ಎಚ್ಚರವಾದರೂ ನಮ್ಮ ಗುರುತು ಹಿಡಿಯುತ್ತಾಳೋ ಇಲ್ಲವೋ ಹೇಳಲಾಗದು ಎಂದರು. ನಾನು ಮಂಚದ ಪಕ್ಕದಿಂದ ಅಲ್ಲಾಡಲಿಲ್ಲ. ಈಗ ಕೂತು ಏನುಪಯೋಗ ಎಂದು ನನಗೇ ಅನ್ನಿಸುತ್ತಿತ್ತು. ಆದರೂ ಕೂತೆ.

ಮರುದಿನ ಮಧ್ಯಾಹ್ನ ಲಾವಣ್ಯಾ ರೌಂಡಿಗೆ ಬಂದಾಗ, "ಡಾಕ್ಟರ್, ಎಲ್ಲಿ ಸೋರ್ತದ ಅಂತ ನನಗ ತೋರಸ್ರಿ. ಜಾಗಾ ಗೊತ್ತಾಗಬೇಕ ನನಗ," ಅಂದೆ. ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಒಂದು ಹಳೇ ಫಾರಂ ತಿರುವಿ ಹಾಕಿ, ಹಿಂಬದಿಯಲ್ಲಿ ಚಿತ್ರ ಬರೆದಳು. ಹೆಂಗಸರ ತಲೆಗೆ ಸಿಕ್ಕಿಸುವ ಪಿನ್ನಿನಂತೆ ಕೆಳಗಿಳಿದು ತಿರುಗಿ ಮೇಲೇರುವ ಕೊಳವೆ.

"ಕಿಡ್ನಿಯಲ್ಲಿ ಇಂಥಾ ನಳಿಗೆ ಲಕ್ಷಾಂತರ ಉಂಟು. ಒಂದು ಕಡೆ ಇಳೀತದೆ, ಅದರ ಪಕ್ಕದಲ್ಲೇ ಉಲ್ಟಾ ಏರ್ತದೆ."

"ಎದರಾಬದರಾ ಹರದ್ರ ಒಂದರ ಕಾವು ಇನ್ನೊಂದಕ್ಕ ದಾಟಿ ತಳದಾಗ ಉಳೀತದ," ಅಂದೆ. ಅಷ್ಟು ನನ್ನ ಕಸುಬಿನಿಂದ ಗೊತ್ತಿತ್ತು.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಕರೆಕ್ಟ್. ಇಲ್ಲಿ ಕಾವಿನ ಬದಲು ಉಪ್ಪು ತಳದಲ್ಲಿ ಉಳೀತದೆ. ಮೇಲಿಂದ ಕೆಳಗೆ ಹೋದ ಹಾಗೆ ಉಪ್ಪಿನಂಶ ಜಾಸ್ತಿ. ಬರೀ ಉಪ್ಪಲ್ಲ, ಅರ್ಧಕ್ಕರ್ಧ ಯೂರಿಯಾ."

"ಯೂರಿಯಾ? ಹೊಲಕ್ಕ ಹಾಕತಾರಲ್ಲ ಅದಾ?"

"ಅದೇ. ಬೇಳೆ, ಮಾಂಸ ತಿಂದದ್ದು ಮೈಯಲ್ಲಿ ಕರಗಿ ಕಡೆಗೆ ಯೂರಿಯಾ ಆಗ್ತದೆ. ಕಚರಾ. ಕಿಡ್ನಿ ಅದನ್ನ ಹೊರಗೆ ಹಾಕಬೇಕು. ಹಾಕ್ತದೆ. ಆದ್ರೆ ಎಲ್ಲಾ ಒಮ್ಮೆಗೇ ಹಾಕೋದಿಲ್ಲ. ಮೂತ್ರದ ನಳಿಗೆಯ ತುದಿಯಲ್ಲಿ ಸ್ವಲ್ಪ ಯೂರಿಯಾನ ನಳಿಗೆಯ ಗೋಡೆ ದಾಟಿಸಿ, ಆ ತಳದಲ್ಲೇ ಸುತ್ತಿಸ್ತಾ ಇರ್ತದೆ. ತಿರುಗಿ ನಳಿಗೆಗೆ, ತಿರುಗಿ ತಳಕ್ಕೆ. ಆ ಯೂರಿಯಾ, ಆ ಉಪ್ಪು ಸುತ್ತಲೂ ಇದ್ರೆ ಮೂತ್ರದಲ್ಲಿರೋ ನೀರನ್ನ ಅದು ಎಳ್ಕೊಳ್ತದೆ, ನೀರು ಮೈಗೆ ವಾಪಸ್ ಬರ್ತದೆ. ಉಳಿದದ್ದು ಗಾಢ ಮೂತ್ರ."

ನನಗೆ ಊರಿನ ಸೊಸೈಟಿ ಗೋದಾಮು ನೆನಪಾಯಿತು. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಯೂರಿಯಾ ಚೀಲಕ್ಕೆ ಯಾರೂ ನೀರು ಹಾಕಬೇಕಿರಲಿಲ್ಲ. ಗಾಳಿಯಲ್ಲಿನ ತೇವವನ್ನು ತಾನೇ ಎಳೆದುಕೊಂಡು ಬೆಳಗಾಗುವಷ್ಟರಲ್ಲಿ ಹಸಿಯಾಗಿ ಗಡ್ಡೆ ಕಟ್ಟುತ್ತಿತ್ತು. ಅದು ಮನುಷ್ಯನ ಮೈಯೊಳಗೂ ನೀರು ಹಿಡಿಯುವ ಕೆಲಸ ಮಾಡುತ್ತದೆಂದು ಏಳನೆಯ ಇಯತ್ತೆಯಲ್ಲಿ ಯಾರೂ ಹೇಳಿರಲಿಲ್ಲ.

"ಈಕೀದು ಎಲ್ಲಿ ಕೆಟ್ಟದ?"

ಲಾವಣ್ಯಾ ಪೆನ್ನಿನಿಂದ ನಳಿಗೆಯ ಗೋಡೆಗೆ ಸಣ್ಣ ಸಣ್ಣ ಬಾಗಿಲು ಬರೆದಳು. "ನೀರಿಗೆ ಬೇರೆ ಬಾಗಿಲು, ಯೂರಿಯಾಕ್ಕೆ ಬೇರೆ. ನೀರು ಕಮ್ಮಿ ಆದಾಗ ಮಿದುಳಿಂದ ಒಂದು ಹಾರ್ಮೋನ್ ಬಂದು ಎರಡನ್ನೂ ತೆರೀತದೆ. ನಿನ್ನೆ ಅದೇ ಹಾರ್ಮೋನಿನ ಇಂಜೆಕ್ಷನ್ ಕೊಟ್ಟು ನೋಡಿದೆವು. ಮೂತ್ರ ಹಾಗೇ ಬಂತು. ಅಂದ್ರೆ ಮಿದುಳಿನ ತಪ್ಪಲ್ಲ, ಬಾಗಿಲೇ ತೆರೀತಾ ಇಲ್ಲ. ಲಿಥಿಯಂ ವರ್ಷಾನುಗಟ್ಟಲೆ ಆ ಜೀವಕೋಶದ ಒಳಗೆ ಹೋಗಿ ಕೂತು ಬಾಗಿಲು ಹಾಳು ಮಾಡಿದೆ. ಮತ್ತೆ ದಿನಾ ಇಷ್ಟು ನೀರು ಹರಿದು ತಳದ ಯೂರಿಯಾನೂ ತೊಳೆದು ಹೋಗಿದೆ. ತಳ ಸಪ್ಪೆ ಆದ್ರೆ ನೀರನ್ನ ಎಳೆಯೋರು ಯಾರು?"

"ಅಂದ್ರ ಆಕಿ ಹೆಚ್ಚ ಕುಡದದ್ದಕ್ಕ ಹೆಚ್ಚ ಹೋಗ್ತಿರಲಿಲ್ಲ."

"ಉಲ್ಟಾ. ಹೋಗ್ತಿತ್ತು, ಅದಕ್ಕೆ ಕುಡೀತಿದ್ರು. ಇಷ್ಟು ದಿನ ಆ ಎಂಟು ಲೀಟರೇ ಇವರನ್ನ ಬದುಕಿಸಿದ್ದು. ಮೂರು ತಿಂಗಳಿಗೊಮ್ಮೆ ರಕ್ತ ನೋಡಿಸಿದ್ರೆ ಇಷ್ಟಾಗೋ ಮೊದಲೇ ಗೊತ್ತಾಗ್ತಿತ್ತು. ಗುಳಿಗೆ ಕೆಟ್ಟದ್ದಲ್ಲ, ಕಾಕಾ. ಅದನ್ನ ಕಾಯೋರು ಬೇಕು."

ಕಾಗದವನ್ನು ನನ್ನ ಕೈಗೆ ಕೊಟ್ಟು ಎದ್ದಳು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು.

"ನೀವು ಮಾಡಿದ ಟೆಸ್ಟ್ ನಮ್ಮಲ್ಲೂ ಉಂಟು, ಗೊತ್ತಾ? ನೀರು ನಿಲ್ಲಿಸಿ ಮೂತ್ರ ನೋಡೋದು. ತಾಸಿಗೊಮ್ಮೆ ತೂಕ ಹಾಕ್ತೇವೆ, ರಕ್ತ ನೋಡ್ತೇವೆ. ತೂಕ ನೂರಕ್ಕೆ ಮೂರು ಇಳಿದ್ರೆ ಅಲ್ಲಿಗೇ ಸ್ಟಾಪ್, ನೀರು ಕೊಡ್ತೇವೆ. ಒಬ್ಬರು ಪಕ್ಕದಲ್ಲೇ ಕೂತಿರ್ತಾರೆ, ಎದ್ದು ಹೋಗೋದಿಲ್ಲ."

ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಆ ಹೊತ್ತಿನಲ್ಲಿ ಅದು ನನ್ನ ನೆರವಿಗೆ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಖ್ತರಿ ಕಣ್ಣು ಬಿಟ್ಟು ಸೈಮಾಳ ಹೆಸರು ಹಿಡಿದು ಕರೆದಳು. ಮಧ್ಯಾಹ್ನದ ಹೊತ್ತಿಗೆ ತಾನೇ ಲೋಟ ಹಿಡಿದು ನೀರು ಕುಡಿದಳು. ಕುಡಿದಷ್ಟೂ ಕೊಡಿ, ತಡೆಯಬೇಡಿ ಎಂದು ಲಾವಣ್ಯಾ ಮಂಚದ ತಲೆದೆಸೆಗೆ ಬರೆದು ಅಂಟಿಸಿದ್ದಳು. ಸೈಮಾ ನೀರು ತರಲು ಹೋದಾಗ ನಾವಿಬ್ಬರೇ ಉಳಿದೆವು.

ನಾನು ಎಲ್ಲವನ್ನೂ ಹೇಳಿದೆ. ಸೋರಿಕೆ ಎಲ್ಲಿದೆ ಎಂದೆ, ಗುಳಿಗೆ ನಿಲ್ಲಿಸುತ್ತಾರೆ, ಬೇರೆ ಕೊಡುತ್ತಾರೆ ಎಂದೆ. ಬಾಗಿಲು ಮತ್ತೆ ತೆರೆಯಬಹುದು, ತೆರೆಯದೆಯೂ ಇರಬಹುದು. ಗುಳಿಗೆ ಬದಲಾಗುವ ಹೊತ್ತಿನಲ್ಲಿ ಹಳೇ ರೋಗ ತಿರುಗಿ ಬರಲೂಬಹುದು. ಸೈಮಾಗೆ ಎಲ್ಲ ಗೊತ್ತಾಗಿದೆ, ರಾಜೀವಿಗೂ ಗೊತ್ತು. ಅಖ್ತರಿ ಛಾವಣಿಯ ಕಡೆ ನೋಡುತ್ತ ಕೇಳಿಸಿಕೊಂಡಳು.

"ಕುಡ್ಯೂದು ಚಟ ಅಲ್ಲ ಅಂದಂಗಾತು," ಅಂದಳು.

"ಅಲ್ಲ."

"ನಾನೂ ಹಂಗ ತಿಳದಿದ್ದೆ. ನೀವು ಅಂದಂದ, ಡಾಕ್ಟರ ಅಂದಂದ, ನಂದ ಮನಸ ಕೆಟ್ಟದ ಅಂತ ತಿಳದಿದ್ದೆ. ತಂಬಿಗಿ ಎತ್ತಿದಾಗೆಲ್ಲ ಕಳುವ ಮಾಡಿದಂಗ ಆಗ್ತಿತ್ತು."

ನಾನು ತಪ್ಪಾಯಿತು ಎಂದೆ. ಆ ಮಾತು ಬಾಯಿಂದ ಬರುವುದಕ್ಕೆ ಬಹಳ ತ್ರಾಸಾಯಿತು, ಬಂದಮೇಲೆ ಅದು ಬಹಳ ಸಣ್ಣ ಮಾತೆನಿಸಿತು. ಆಮೇಲೆ, ಮೂರು ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿದೆ. "ರಾಜೀವಿ ಬಾಜೂಕ ಇದ್ಲು. ಒಂದ ಸಲ ಕೂಗಿದ್ರ ಬಾಗಿಲ ಮುರೀತಿದ್ಲು. ಯಾಕ ಕೂಗಲಿಲ್ಲ ನೀ?"

ಅಖ್ತರಿ ಮೊದಲ ಸಲ ನನ್ನ ಮುಖ ನೋಡಿದಳು.

"ಕೂಗಿದ್ರ ಏನಂತಿದ್ರಿ?" ಎಂದಳು. "ಬೀಗ ಹಾಕಿದ ಕ್ವಾಣ್ಯಾಗಿಂದ ಕೂಗಿದ ಹೆಂಗಸಿಗೆ ಏನಂತಾರ? ನನಗ ಅನ್ನಿಸಿಕೊಂಡು ಗೊತ್ತದ. ಅದಕ್ಕಿಂತ ಸಾಯೂದು ಪಾಡ ಅನಿಸ್ತು."

ಸೈಮಾ ನೀರು ತಂದಳು. ಅಖ್ತರಿ ಎರಡು ಲೋಟ ಒಂದೇ ಉಸಿರಿಗೆ ಕುಡಿದು ಗೋಡೆಯ ಕಡೆ ಹೊರಳಿದಳು.

ಎಂಟನೆಯ ದಿನ ಮನೆಗೆ ಕಳಿಸಿದರು. ಮುಂದಿನ ಮಂಗಳವಾರ ಮನೋರೋಗ ವಿಭಾಗಕ್ಕೆ ಬರಲು ಹೇಳಿದ್ದರು. ಹೊಸ ಗುಳಿಗೆ ಹೇಗೆ ಹೊಂದುತ್ತಿದೆ ಎಂದು ನೋಡುವುದಕ್ಕೆ, ಮೊದಲು ಏನೇನಾಗಿತ್ತೆಂದು ಬರೆದುಕೊಳ್ಳುವುದಕ್ಕೆ. ಆ ವಾರ ಅವಳು ಒಂದೆರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಮಾತು ಒಂದಿಷ್ಟು ಹೆಚ್ಚಾಗಿತ್ತು. ಅದು ರೋಗವೋ, ಹದಿನೆಂಟು ವರ್ಷ ಆಡದೆ ಬಿಟ್ಟ ಮಾತೋ ನನಗೆ ತಿಳಿಯದು. ಹೆದರಿಕೆಯಂತೂ ಇತ್ತು. ಈಗಲೂ ಇದೆ.

ಆ ಮಂಗಳವಾರ ಸೈಮಾ ರಜೆ ಹಾಕಿದಳು. ಮೂವರೂ ಹೋದೆವು. ಸಾಲಿನಲ್ಲಿ ಕೂತೆವು. ಎದುರಿನ ಬೆಂಚಿನಲ್ಲಿ ಕುರ್ಲಾದ ಗುರುತಿನ ಮುಖವೊಂದು ನಮ್ಮನ್ನೇ ನೋಡುತ್ತಿತ್ತು. ನಾನೂ ಅವನನ್ನು ನೋಡಿದೆ. ಅವನೇ ಮೊದಲು ಕಣ್ಣು ಇಳಿಸಿದ.

ಹೆಸರು ಕೂಗಿದಾಗ ನಾನು ಎದ್ದೆ. ಮೊದಲಿನಿಂದಲೂ ಡಾಕ್ಟರ ಮುಂದೆ ಮಾತಾಡುತ್ತಿದ್ದವನು ನಾನೇ. ಅವಳಿಗೆ ಏನಾಗಿದೆ, ಎಷ್ಟು ನಿದ್ದೆ, ಎಷ್ಟು ಊಟ, ಎಲ್ಲ ನಾನೇ ಹೇಳುತ್ತಿದ್ದೆ. ಅವಳು ಪಕ್ಕದಲ್ಲಿ ಸೆರಗು ತಿರುವುತ್ತ ಕೂತಿರುತ್ತಿದ್ದಳು.

"ನೀವು ಕೂಡ್ರಿ," ಎಂದಳು ಅಖ್ತರಿ.

"ನಾ ಬರ್ತೀನಿ. ಹಳೇದೆಲ್ಲ ಹೇಳಬೇಕಲ್ಲ."

"ನಂದ ನಾ ಹೇಳ್ತೀನಿ."

ಸೈಮಾ ನನ್ನ ಕಡೆ ನೋಡಿ, "ಅಬ್ಬಾ, ಬೈಠೋ," ಎಂದಳು, ಅಪ್ಪಾ, ಕೂತುಕೊಳ್ಳಿ ಎಂದು. ಅದು ಬಹಳ ದಿನದ ಮೇಲೆ ಅವಳು ನನಗೆ ಮೆತ್ತಗೆ ಆಡಿದ ಮಾತು.

ಅವಳೂ ಒಳಗೆ ಹೋಗಲಿಲ್ಲ, ಅವ್ವನನ್ನು ಬಾಗಿಲವರೆಗೆ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತಳು. ಬಾಗಿಲು ಮುಚ್ಚಿತು. ಒಳಗಿನಿಂದ ಡಾಕ್ಟರರ ಒಂದು ಪ್ರಶ್ನೆ ಕೇಳಿಸಿತು. ಆಮೇಲೆ ಅಖ್ತರಿಯ ದನಿ. ಏನು ಹೇಳುತ್ತಿದ್ದಾಳೆಂದು ತಿಳಿಯಲಿಲ್ಲ, ಕಿವಿಗೊಟ್ಟು ಕೇಳುವ ಧೈರ್ಯವೂ ಆಗಲಿಲ್ಲ. ಬಹಳ ಹೊತ್ತು ಅವಳೊಬ್ಬಳೇ ಮಾತಾಡುತ್ತಿದ್ದಳು.